ಅಮೃತಾ ಶೇರ್‌ಗಿಲ್: ಸುಮ್ಮನೆ ಕೂತ ಹೆಂಗಸರನ್ನು ನೋಡಿದ ಕಣ್ಣು

2023ರ ಸೆಪ್ಟೆಂಬರ್‌ನಲ್ಲಿ ಅಮೃತಾ ಶೇರ್‌ಗಿಲ್ ಬರೆದ ಒಂದು ಚಿತ್ರ 61.8 ಕೋಟಿ ರೂಪಾಯಿಗೆ ಹರಾಜಾಯಿತು. ಅಲ್ಲಿಯವರೆಗೆ ಭಾರತದ ಯಾವ ಚಿತ್ರಕ್ಕೂ ಹರಾಜಿನಲ್ಲಿ ಅಷ್ಟು ದುಡ್ಡು ಬಂದಿರಲಿಲ್ಲ. 2025ರಲ್ಲಿ ಎಂ.ಎಫ್. ಹುಸೇನ್ ಅವರ ಚಿತ್ರವೊಂದು ಆ ದಾಖಲೆ ಮುರಿಯಿತು, ಅದು ಬೇರೆ ಮಾತು. ಆವತ್ತಿನ ಸುದ್ದಿಗಳನ್ನು ಈಗ ತಿರುಗಿ ಓದಿದರೆ ಕೋಟಿಯ ಲೆಕ್ಕ ಸಿಗುತ್ತೆ, ಆಕೆ 28ಕ್ಕೇ ತೀರಿಕೊಂಡದ್ದು ಸಿಗುತ್ತೆ, ಆಕೆಯ ಪ್ರೇಮಗಳ ಪಟ್ಟಿಯೂ ಸಿಗುತ್ತೆ. ಚಿತ್ರದೊಳಗೆ ಏನಿದೆ ಅನ್ನೋದು ಮಾತ್ರ ಒಂದೆರಡು ಸಾಲಲ್ಲಿ ಮುಗಿದುಹೋಗುತ್ತೆ.

1937ರ ಆ ಚಿತ್ರದ ಹೆಸರು ‘ದ ಸ್ಟೋರಿ ಟೆಲ್ಲರ್’. ಒಂದು ಮನೆಯಂಗಳ, ಹರಟೆ ಹೊಡೆಯುತ್ತಾ ಕೂತ ಮನೆಯವರು, ಅವರ ನಡುವೆಯೇ ಸಾಕುಪ್ರಾಣಿಗಳು. ಅಷ್ಟೇ. ರಾಜನಿಲ್ಲ, ದೇವರಿಲ್ಲ, ಯುದ್ಧವಿಲ್ಲ. ನಮ್ಮ ಊರುಗಳಲ್ಲಿ ದಿನಾ ಮಧ್ಯಾಹ್ನ ಕಾಣುವ, ಯಾರೂ ನಿಂತು ನೋಡದ ನೋಟ.

ಅಮೃತಾಳನ್ನು ಭಾರತದ ಫ್ರಿಡಾ ಕಾಹ್ಲೋ ಅಂತ ಕರೆಯೋದು ರೂಢಿಯಾಗಿಬಿಟ್ಟಿದೆ. ಚೆಲುವೆ, ಹಠಮಾರಿ, ಬೇಗ ಸತ್ತವಳು ಅನ್ನೋ ಮೂರು ಗುಣ ಸೇರಿಸಿ ಒಂದು ದಂತಕಥೆ ಕಟ್ಟಿಟ್ಟಿದ್ದೇವೆ. ನನಗೆ ಈ ದಂತಕಥೆಯ ಬಗ್ಗೆ ತಕರಾರಿದೆ. ಅದು ಆಕೆಯನ್ನೇ ಚಿತ್ರ ಮಾಡಿ ಗೋಡೆಗೆ ನೇತುಹಾಕುತ್ತೆ, ಆಕೆ ಮಾಡಿದ ಕೆಲಸವನ್ನು ಮರೆಸುತ್ತೆ. ಆ ಕೆಲಸ ಏನು? ಬೇರೆಯವರ ದುಃಖವನ್ನು ದೂರದಿಂದ ನೋಡಿ ಚಂದ ಮಾಡುತ್ತಿದ್ದ ಒಬ್ಬ ಸಿರಿವಂತ ಹುಡುಗಿ, ಏಳು ವರ್ಷದಲ್ಲಿ, ಹೆಂಗಸರ ಕಾಯುವಿಕೆಯನ್ನೂ ದಣಿವನ್ನೂ ಬಿಡುವನ್ನೂ ಹತ್ತಿರದಿಂದ ನೋಡೋದು ಕಲಿತಳು. ಆಕೆಯ ಬದುಕನ್ನು ಆ ದಾರಿಯಲ್ಲೇ ಹೇಳಬೇಕು ಅನ್ನೋದು ನನ್ನ ವಾದ.

ಕ್ಯಾಮೆರಾ ಮುಂದೆ ಬೆಳೆದ ಹುಡುಗಿ

ಅಮೃತಾ ಹುಟ್ಟಿದ್ದು 1913ರ ಜನವರಿ 30ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಅಪ್ಪ ಉಮ್ರಾವ್ ಸಿಂಗ್ ಶೇರ್‌ಗಿಲ್ ಪಂಜಾಬಿನ ಮಜೀಠಿಯಾ ಜಮೀನ್ದಾರಿ ಮನೆತನದ ಸಿಖ್ಖರು, ಸಂಸ್ಕೃತ ಮತ್ತು ಪರ್ಷಿಯನ್ ಓದಿಕೊಂಡವರು. ಅಮ್ಮ ಮೇರಿ ಆಂಟೊನೆಟ್ ಹಂಗೇರಿಯವರು, ಒಪೆರಾ ಗಾಯಕಿ. ಮಹಾರಾಜ ರಣಜಿತ್ ಸಿಂಗರ ಮೊಮ್ಮಗಳು ಬಾಂಬಾ ಜತೆ ಭಾರತಕ್ಕೆ ಬಂದಿದ್ದ ಆಕೆ ಲಾಹೋರಿನಲ್ಲಿ ಉಮ್ರಾವ್ ಸಿಂಗರನ್ನು ಕಂಡು, 1912ರಲ್ಲಿ ಮದುವೆಯಾದರು. ಅಮೃತಾ ಹುಟ್ಟಿದ ಮರುವರ್ಷವೇ ತಂಗಿ ಇಂದಿರಾ ಹುಟ್ಟಿದಳು, ಅದೇ ವರ್ಷ ಮೊದಲ ಮಹಾಯುದ್ಧವೂ ಶುರುವಾಯಿತು. ಹಾಗಾಗಿ ಇಬ್ಬರು ಮಕ್ಕಳ ಮೊದಲ ವರ್ಷಗಳು ಹಂಗೇರಿಯಲ್ಲೇ ಕಳೆದವು. 1921ರಲ್ಲಿ ಸಂಸಾರ ಶಿಮ್ಲಾಕ್ಕೆ ಬಂತು.

ಉಮ್ರಾವ್ ಸಿಂಗರಿಗೆ ಫೋಟೊ ತೆಗೆಯುವ ಹುಚ್ಚು. ತಮ್ಮನ್ನು ತಾವೇ ತೆಗೆದುಕೊಂಡರು, ಹೆಂಡತಿಯನ್ನು ತೆಗೆದರು, ಮಕ್ಕಳನ್ನಂತೂ ತೆಗೆದೇ ತೆಗೆದರು. ಭಾರತದ ಆರಂಭಕಾಲದ ಛಾಯಾಗ್ರಹಣದಲ್ಲಿ ಅವರ ಚಿತ್ರಗಳಿಗೆ ಇವತ್ತು ತಮ್ಮದೇ ಸ್ಥಾನವಿದೆ. ಅಮೃತಾ ಹೀಗೆ ಕ್ಯಾಮೆರಾದ ಮುಂದೆ ಬೆಳೆದಳು. ಹೇಗೆ ಕೂತರೆ ಹೇಗೆ ಕಾಣ್ತೀವಿ, ಯಾವ ಬಟ್ಟೆ ತೊಟ್ಟರೆ ಯಾರಾಗಿ ಕಾಣ್ತೀವಿ ಅನ್ನೋದು ಆಕೆಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಬೇರೆಯವರ ನೋಟಕ್ಕೆ ವಸ್ತುವಾಗೋದು ಅಂದರೆ ಏನು ಅನ್ನೋ ಈ ಅನುಭವ ಮುಂದೆ ಆಕೆಯ ಬ್ರಷ್‌ಗೆ ಕೆಲಸಕ್ಕೆ ಬಂತು.

ಶಾಲೆಯ ಜತೆ ಆಕೆಗೆ ಎಂದೂ ಹೊಂದಿಕೆ ಆಗಲಿಲ್ಲ. 1924ರಲ್ಲಿ ಅಮ್ಮ ಇಟಲಿಯ ಫ್ಲಾರೆನ್ಸ್‌ಗೆ ಕರೆದುಕೊಂಡು ಹೋಗಿ ಒಂದು ಶಾಲೆಗೆ ಸೇರಿಸಿದರು, ಅದು ನಡೆಯಲಿಲ್ಲ. ಶಿಮ್ಲಾದ ಕಾನ್ವೆಂಟ್‌ನಲ್ಲಿ ತನಗೆ ದೇವರಲ್ಲಿ ನಂಬಿಕೆ ಇಲ್ಲ ಅಂದು ಹೊರಗೆ ಬಿದ್ದಳು. ಆಕೆಯ ಕೈಯಲ್ಲಿ ಏನೋ ಇದೆ ಅಂತ ಗುರುತಿಸಿದವರು ಸೋದರಮಾವ ಎರ್ವಿನ್ ಬಕ್ತಾಯ್, ಭಾರತವನ್ನು ಅಭ್ಯಾಸ ಮಾಡಿದ ಹಂಗೇರಿಯ ವಿದ್ವಾಂಸ. ಮನಸ್ಸಿಗೆ ತೋಚಿದ ಹಾಗೆ ಬರೆಯೋದು ಬಿಟ್ಟು ಕಣ್ಣೆದುರು ಕೂತ ಮನುಷ್ಯರನ್ನು ನೋಡಿ ಬರೆ ಅಂತ ಅವರು ಹೇಳಿಕೊಟ್ಟರು. ಮನೆಯ ಆಳುಕಾಳುಗಳೇ ಮೊದಲ ಮಾಡೆಲ್‌ಗಳಾದರು. ಆಕೆ ಸಾಯುವ ತನಕ ಮಾಡಿದ್ದು ಬಹುಮಟ್ಟಿಗೆ ಅದನ್ನೇ.

ಪ್ಯಾರಿಸ್ ಗೆದ್ದು, ಪ್ಯಾರಿಸ್ ಬಿಟ್ಟದ್ದು

1929ರಲ್ಲಿ, 16ರ ವಯಸ್ಸಿಗೆ, ಮಗಳ ಚಿತ್ರಕಲೆಗಾಗಿ ಇಡೀ ಸಂಸಾರ ಪ್ಯಾರಿಸ್‌ಗೆ ಹೋಯಿತು. ಎಷ್ಟು ಜನ ಹೆಣ್ಣುಮಕ್ಕಳಿಗೆ ಆ ಕಾಲದಲ್ಲಿ ಇಂಥ ಭಾಗ್ಯ ಇತ್ತು? ಈ ಸವಲತ್ತನ್ನು ಮರೆತು ಅಮೃತಾಳ ಕಥೆ ಹೇಳೋದು ಅಪ್ರಾಮಾಣಿಕ. ಮೊದಲು ಗ್ರಾಂಡ್ ಶೋಮಿಯೇರ್ ಅಕಾಡೆಮಿ, ಆಮೇಲೆ ಎಕೋಲ್ ದೆ ಬೋಜಾರ್‌ನಲ್ಲಿ ಲ್ಯೂಸಿಯಾ ಸಿಮೋ ಎಂಬ ಶಿಕ್ಷಕರ ಕೈಕೆಳಗೆ ಕಲಿತಳು. 1932ರಲ್ಲಿ ಬರೆದ ‘ಯಂಗ್ ಗರ್ಲ್ಸ್’ ಚಿತ್ರಕ್ಕೆ ಮರುವರ್ಷ ಪ್ಯಾರಿಸ್‌ನ ಗ್ರಾಂಡ್ ಸಲೋನ್‌ನಲ್ಲಿ ಚಿನ್ನದ ಪದಕ ಬಂತು. ಆಕೆಯನ್ನು ಸಲೋನ್‌ನ ಅಸೋಸಿಯೇಟ್ ಆಗಿ ಆರಿಸಿದರು. ಆಗ ಆಕೆಗೆ 20 ವರ್ಷ.

ಆ ಚಿತ್ರದಲ್ಲಿ ಇಬ್ಬರು ಹುಡುಗಿಯರು ಎದುರುಬದುರು ಕೂತಿದ್ದಾರೆ. ಒಬ್ಬಳು ತಂಗಿ ಇಂದಿರಾ, ನೀಟಾಗಿ ಬಟ್ಟೆ ತೊಟ್ಟು ನೆಟ್ಟಗೆ ಕೂತವಳು. ಇನ್ನೊಬ್ಬಳು ಗೆಳತಿ ಡೆನಿಸ್, ಅರೆಬಟ್ಟೆ, ಬಿಚ್ಚಿದ ಕೂದಲು ಮುಖದ ಮೇಲೆ. ಇಬ್ಬರೂ ಒಬ್ಬಳದೇ ಎರಡು ಮುಖ ಅನ್ನಿಸುತ್ತೆ: ಯುರೋಪು ಮತ್ತು ಭಾರತ, ಸಭ್ಯತೆ ಮತ್ತು ಹಠ. ಈ ಜಗ್ಗಾಟ ಆಕೆಯ ಸ್ವಂತ ಬದುಕಿನಲ್ಲಿತ್ತು.

ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು 1933ರ ‘ಪ್ರೊಫೆಷನಲ್ ಮಾಡೆಲ್’. ಬೆತ್ತಲೆ ಮಾಡೆಲ್ ಅಂದರೆ ಗುಂಡುಗುಂಡಾದ, ತಾಜಾ ಮೈಯ ಹುಡುಗಿ ಅಂತ ಯುರೋಪಿನ ಗಂಡಸು ಚಿತ್ರಕಾರರು ನಾಲ್ಕು ನೂರು ವರ್ಷ ಬರೆದಿದ್ದರು. ಅಮೃತಾಳ ಮಾಡೆಲ್ ವಯಸ್ಸು ಜಾರಿದ, ಕಾಯಿಲೆಯಿಂದ ಬಸವಳಿದ ಹೆಂಗಸು. ಕೂತು ಕೂತು ಸಾಕಾದವಳು. ಮೈ ತೋರಿಸೋದು ಆಕೆಯ ಕೂಲಿ ಕೆಲಸ, ಬೇರೆ ಏನೂ ಅಲ್ಲ. ಅಮೃತಾ ಬರೆದದ್ದು ಆ ಕೆಲಸದ ಸುಸ್ತನ್ನು.

ಇದರ ಜತೆಗೇ 1934ರ ‘ಸೆಲ್ಫ್ ಪೋರ್ಟ್ರೇಟ್ ಆ್ಯಸ್ ಎ ತಹೀತಿಯನ್’ ನೋಡಬೇಕು. ಫ್ರೆಂಚ್ ಚಿತ್ರಕಾರ ಗೊಗ್ಯಾಂ ತಹೀತಿ ದ್ವೀಪದ ಕಂದುಬಣ್ಣದ ಹೆಂಗಸರನ್ನು ಯುರೋಪಿನ ಕಣ್ಣಿಗೆ ಹಬ್ಬ ಮಾಡಿದ್ದ. ಅಮೃತಾ ತನ್ನನ್ನೇ ಆ ಹೆಂಗಸಿನ ಜಾಗದಲ್ಲಿ ನಿಲ್ಲಿಸಿಕೊಂಡಳು. ಸೊಂಟದ ಮೇಲೆ ಬಟ್ಟೆಯಿಲ್ಲ, ಆದರೆ ನಾಚಿಕೆಯೂ ಇಲ್ಲ, ಕರೆಯುವ ನಗುವೂ ಇಲ್ಲ. ಮುಖ ಬೇರೆ ಕಡೆ ತಿರುಗಿದೆ. ಹಿಂದೆ ಒಬ್ಬ ಗಂಡಸಿನ ನೆರಳು. ಯಾರ ನೆರಳು ಅನ್ನೋದಕ್ಕೆ ವಿಮರ್ಶಕರು ಪುಟಗಟ್ಟಲೆ ಬರೆದಿದ್ದಾರೆ. ಆಕೆಗೆ ಆ ನೆರಳು ಹಿಂದಿದೆ ಅಂತ ಗೊತ್ತಿತ್ತು, ಗೊತ್ತಿದ್ದೇ ಅದನ್ನು ಚಿತ್ರದೊಳಗೆ ತಂದಳು. ನನ್ನ ಮಟ್ಟಿಗೆ ಅದೇ ಮುಖ್ಯ.

ನಮ್ಮ ಕನಕಪುರ ರಸ್ತೆಯಲ್ಲಿ ಓಡಾಡುವವರಿಗೆ ಕಲಾವಿದರು ಅಂದ ಕೂಡಲೇ ತಾತಗುಣಿ ಎಸ್ಟೇಟಿನ ಸ್ವೆತೊಸ್ಲಾವ್ ರೋರಿಕ್ ನೆನಪಾಗ್ತಾರೆ. ಅವರು ಹೆಂಡತಿ ದೇವಿಕಾ ರಾಣಿಯವರ ಭಾವಚಿತ್ರಗಳನ್ನು ಬರೆದರು, ಅವು ಚೆನ್ನಾಗಿಯೂ ಇವೆ. ಆದರೆ ಅಲ್ಲಿ ಹೆಂಗಸು ಅಂದರೆ ಚೆಲುವು, ಮೈತುಂಬ ಬೆಳಕು. ಗಂಡಸು ನೋಡಿ ಬರೆದ ಹೆಣ್ಣು ಅದು. ಹೆಣ್ಣೇ ಹೆಣ್ಣನ್ನು ನೋಡಿದಾಗ ಏನು ಬದಲಾಗುತ್ತೆ ಅನ್ನೋದಕ್ಕೆ ನಮ್ಮಲ್ಲಿ ಸಿಗುವ ಮೊದಲ ದೊಡ್ಡ ಉತ್ತರ ಅಮೃತಾ.

ಪ್ಯಾರಿಸ್‌ನಲ್ಲಿ ನೆಲೆ ನಿಲ್ಲೋದು ಆಕೆಗೆ ಕಷ್ಟವಿರಲಿಲ್ಲ. ಆಕೆಯ ಬಣ್ಣಗಳಿಗೆ ಪಶ್ಚಿಮದ ಮಂಕು ಸ್ಟುಡಿಯೊ ಸರಿಹೋಗೋದಿಲ್ಲ, ಪೂರ್ವದ ಬೆಳಕು ಬೇಕು ಅಂತ ಅಲ್ಲಿನ ಗುರುಗಳೇ ಸೂಚಿಸಿದ್ದರು. 1934ರ ಕೊನೆಗೆ ಭಾರತಕ್ಕೆ ಬಂದಳು.

ಮೂರು ಹುಡುಗಿಯರು

ಬಂದ ಹೊಸತರಲ್ಲಿ ಆಕೆ ಕಂಡ ಭಾರತ ಬಡವರ, ಮೌನಿಗಳ, ದುಃಖಿಗಳ ಭಾರತ. 1935ರ ‘ಮದರ್ ಇಂಡಿಯಾ’, ‘ಹಿಲ್ ಮೆನ್’, ‘ಹಿಲ್ ವಿಮೆನ್’ ಈ ಕಾಲದವು. ಉದ್ದುದ್ದ ಮೈಗಳು, ದೊಡ್ಡ ಕಣ್ಣುಗಳು, ಮುಸುಕು ಹೊದ್ದು ಗುಂಪಾಗಿ ನಿಂತ ಜನ. ಇವು ದೊಡ್ಡ ಚಿತ್ರಗಳು, ಅನುಮಾನವಿಲ್ಲ. ‘ಹಿಲ್ ವಿಮೆನ್’ ಅನ್ನು 1978ರಲ್ಲಿ ಅಂಚೆಚೀಟಿಯ ಮೇಲೂ ಅಚ್ಚು ಹಾಕಿದರು. ಆದರೂ ನನಗೆ ಇಲ್ಲೊಂದು ಅಂತರ ಕಾಣುತ್ತೆ. ಬಂಗಲೆಯಿಂದ ಇಳಿದುಬಂದವಳು ಬೆಟ್ಟದ ಜನರ ಬಡತನವನ್ನು ವಿಗ್ರಹ ಮಾಡಿ ನಿಲ್ಲಿಸಿದ ಹಾಗಿದೆ. ಅವರಿಗೆ ದುಃಖ ಬಿಟ್ಟು ಬೇರೆ ಏನೂ ಇಲ್ಲವಾ? ಜಗಳ, ಹರಟೆ, ಚಾಡಿ, ನಿದ್ದೆ?

ಅದೇ 1935ರಲ್ಲಿ ಇನ್ನೊಂದು ಚಿತ್ರವೂ ಬಂತು: ‘ಗ್ರೂಪ್ ಆಫ್ ಥ್ರೀ ಗರ್ಲ್ಸ್’. ಮೂವರು ಹುಡುಗಿಯರು ಒತ್ತೊತ್ತಾಗಿ ಕೂತಿದ್ದಾರೆ. ಹಿಂದೆ ಗೋಡೆಯೋ ಬಯಲೋ ಗೊತ್ತಾಗದ ಬರೀ ಬಣ್ಣ. ಕೈಗಳು ತೊಡೆಯ ಮೇಲೆ. ಯಾರೂ ನಮ್ಮನ್ನು ನೋಡ್ತಿಲ್ಲ, ಒಬ್ಬರನ್ನೊಬ್ಬರೂ ನೋಡ್ತಿಲ್ಲ. ಏನನ್ನೋ ಕಾಯ್ತಿದ್ದಾರೆ. ಆ ವಯಸ್ಸಿನ ಹೆಣ್ಣುಮಕ್ಕಳು ಏನನ್ನು ಕಾಯ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ನೋಡಲು ಬರುವವರಿದ್ದಾರೆ ಅಂದಾಗ ಒಳಕೋಣೆಯಲ್ಲಿ ಕೂರುವ ಹುಡುಗಿಯನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಕಣ್ಣೀರಿಲ್ಲ, ಆದರೂ ಚಿತ್ರದ ತುಂಬ ಭಾರವಿದೆ. ಎಂಜಿನಿಯರಿಂಗ್ ಓದಿದವರಿಗೆ ಇದು ಬೇಗ ಅರ್ಥ ಆಗಬೇಕು: ಕಂಬ ಸುಮ್ಮನೆ ನಿಂತಿರಲ್ಲ, ಮೇಲಿನ ಭಾರ ಹೊತ್ತು ನಿಂತಿರುತ್ತೆ. ಅಲುಗಾಡದೆ ಇರೋದೇ ಅದರ ಕೆಲಸ. ಆ ಮೂವರು ಹುಡುಗಿಯರೂ ಹಾಗೇ ಕೂತಿದ್ದಾರೆ.

ಈ ಚಿತ್ರಕ್ಕೆ 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಸಿಕ್ಕಿತು. ಅದಕ್ಕೂ ಮುಂಚೆ, 1935ರಲ್ಲಿ, ಶಿಮ್ಲಾದ ಕಲಾ ಸಂಘದ ಪ್ರದರ್ಶನಕ್ಕೆ ಆಕೆ ಕಳಿಸಿದ್ದ 10 ಚಿತ್ರಗಳಲ್ಲಿ 5 ವಾಪಸ್ ಬಂದಿದ್ದವು. ಇಟ್ಟುಕೊಂಡವುಗಳಲ್ಲಿ ಒಂದಕ್ಕೆ ಬಹುಮಾನ ಕೊಟ್ಟರು. ಅಮೃತಾ ಬಹುಮಾನವನ್ನು ವಾಪಸ್ ಕಳಿಸಿದಳು. ತನ್ನ ಒಳ್ಳೆಯ ಚಿತ್ರಗಳನ್ನು ಬಿಟ್ಟು ಸಾಧಾರಣದ್ದಕ್ಕೆ ಬೆನ್ನು ತಟ್ಟುವವರ ಮೆಚ್ಚುಗೆ ಆಕೆಗೆ ಬೇಕಿರಲಿಲ್ಲ. 22 ವರ್ಷದ ಹುಡುಗಿಗೆ ಜಂಬ ಜಾಸ್ತಿ ಅಂತ ಊರು ಮಾತಾಡಿಕೊಂಡಿತು. ಗಂಡಸು ಮಾಡಿದ್ದರೆ ಅದನ್ನು ಸ್ವಾಭಿಮಾನ ಅನ್ನುತ್ತಿದ್ದರು.

ದಕ್ಷಿಣಕ್ಕೆ ಬಂದ ಮೇಲೆ

1936ರ ಕೊನೆಗೆ ಅಮೃತಾ ದಕ್ಷಿಣದ ಕಡೆ ಹೊರಟಳು. ಬಾಂಬೆಯಲ್ಲಿ ಕಲಾವಿಮರ್ಶಕ ಕಾರ್ಲ್ ಖಂಡಾಲಾವಾಲಾ ತಮ್ಮ ಸಂಗ್ರಹದ ಪಹಾಡಿ ಕಿರುಚಿತ್ರಗಳನ್ನು ತೋರಿಸಿದರು. ಬಸೋಹ್ಲಿ ಶೈಲಿಯ ಬಿಸಿ ಕೆಂಪು, ಅರಿಶಿನ ಹಳದಿ ಆಕೆಯ ಕಣ್ಣಿಗೆ ಹತ್ತಿತು. ಅಜಂತಾದ ಗೋಡೆಚಿತ್ರಗಳು ಆಕೆಯ ಓದನ್ನೆಲ್ಲ ತಲೆಕೆಳಗು ಮಾಡಿದವು. ಹೈದರಾಬಾದಿನಲ್ಲಿ ಪ್ರದರ್ಶನ ಇಟ್ಟಾಗ ಅಲ್ಲಿನ ಸಿರಿವಂತ ಸಂಗ್ರಾಹಕ ಸಾಲಾರ್ ಜಂಗ್ ಆಕೆಯ ಚಿತ್ರ ಕೊಳ್ಳಲಿಲ್ಲ. ಆಕೆಯೂ ಅವರ ಯುರೋಪಿಯನ್ ಸಂಗ್ರಹದ ಬಗ್ಗೆ ತನಗೆ ಅನ್ನಿಸಿದ್ದನ್ನು ಮುಚ್ಚಿಡಲಿಲ್ಲ. ವ್ಯಾಪಾರ ಕೆಟ್ಟಿತು. ಅಲ್ಲಿಂದ ಕೊಚ್ಚಿ, ತಿರುವನಂತಪುರ, ಕನ್ಯಾಕುಮಾರಿ. ಕೊಚ್ಚಿಯ ಮಟ್ಟಂಚೇರಿ ಅರಮನೆಯ ಭಿತ್ತಿಚಿತ್ರಗಳ ಮುಂದೆ ಕೂತು ನಕಲು ಮಾಡಿಕೊಂಡಳು.

ಶಿಮ್ಲಾಕ್ಕೆ ಮರಳಿದ ಮೇಲೆ 1937ರಲ್ಲಿ ಮೂರು ದೊಡ್ಡ ಚಿತ್ರ ಬರೆದಳು: ‘ಬ್ರೈಡ್ಸ್ ಟಾಯ್ಲೆಟ್’, ‘ಬ್ರಹ್ಮಚಾರೀಸ್’, ‘ಸೌತ್ ಇಂಡಿಯನ್ ವಿಲೇಜರ್ಸ್ ಗೋಯಿಂಗ್ ಟು ಮಾರ್ಕೆಟ್’. ಮದುಮಗಳ ಸಿಂಗಾರ, ಬಿಳಿ ಪಂಚೆಯ ವಟುಗಳು, ಸಂತೆಗೆ ಹೊರಟ ಕಪ್ಪು ಮೈಯ ಜನ. ಬಣ್ಣಗಳು ಮಣ್ಣಿಗೆ ಇಳಿದವು. ಕೆಂಪು ಅಂದರೆ ಟ್ಯೂಬಿನ ಕೆಂಪಲ್ಲ, ಮಳೆ ಬಿದ್ದ ಹೊಲದ ಕೆಂಪು.

ಆ ದಿನಗಳಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ ಕೆ. ವೆಂಕಟಪ್ಪ ಇದ್ದರು. ಕಲ್ಕತ್ತಾದಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತು ಬಂದವರು. ಊಟಿ, ಕೊಡೈಕೆನಾಲ್‌ಗಳ ಮಂಜು, ಬೆಟ್ಟ, ನೀರನ್ನು ಜಲವರ್ಣದಲ್ಲಿ ಅವರಷ್ಟು ನವಿರಾಗಿ ಬರೆದವರು ಕಮ್ಮಿ. ಬಂಗಾಳ ಪಂಥದ ಮಂಜುಮಂಜು ಭಾವುಕತೆ ಅಮೃತಾಗೆ ಸೇರುತ್ತಿರಲಿಲ್ಲ, ಅದನ್ನು ಬರಹಗಳಲ್ಲೂ ಟೀಕಿಸಿದ್ದಳು. ಯಾರು ದೊಡ್ಡವರು ಅಂತ ತೂಗೋದು ಇಲ್ಲಿ ಬೇಡ. ವ್ಯತ್ಯಾಸ ಮಾತ್ರ ನೋಡಿ. ವೆಂಕಟಪ್ಪನವರಿಗೆ ಪ್ರಕೃತಿ ಅಂದರೆ ಏಕಾಂತ, ಮನುಷ್ಯರಿಂದ ದೂರ ಹೋಗಿ ನಿಲ್ಲುವ ಜಾಗ. ಅಮೃತಾಗೆ ಪ್ರಕೃತಿ ಅಂದರೆ ಮನುಷ್ಯರು ಕೂತ ಮಣ್ಣು, ಅವರ ಹಿಂದಿನ ಮರ, ಪಕ್ಕದಲ್ಲಿ ಮಲಗಿದ ನಾಯಿ. 1938ರ ‘ಎಲಿಫೆಂಟ್ಸ್ ಬೇದಿಂಗ್ ಇನ್ ಎ ಗ್ರೀನ್ ಪೂಲ್’ ಚಿತ್ರದ ಆನೆಗಳಿಗೂ ಅರಮನೆಯ ಅಂಬಾರಿಯಿಲ್ಲ. ಮೈತೊಳೆಯಲು ಕೆರೆಗೆ ಇಳಿದ ದನಗಳ ಹಾಗೆ ಇವೆ.

ಸುಟ್ಟುಹೋದ ಕಾಗದಗಳು

1938ರಲ್ಲಿ ಅಮೃತಾ ಹಂಗೇರಿಗೆ ಹೋಗಿ ತಾಯಿಯ ಕಡೆಯ ಸೋದರ ಸಂಬಂಧಿ, ಡಾಕ್ಟರ್ ವಿಕ್ಟರ್ ಎಗಾನ್ ಅವರನ್ನು ಮದುವೆಯಾದಳು. ತಂದೆತಾಯಿಗೆ ಈ ಮದುವೆ ಇಷ್ಟವಿರಲಿಲ್ಲ. ಆಕೆ ಅಲ್ಲಿದ್ದಾಗ ಇಲ್ಲಿ ಶಿಮ್ಲಾದ ಮನೆಯಲ್ಲಿ ಒಂದು ಕೆಲಸ ನಡೆಯಿತು. ಆಕೆ ಜೋಪಾನ ಮಾಡಿಟ್ಟಿದ್ದ ಕಾಗದಗಳನ್ನು ಹೆತ್ತವರು ಸುಟ್ಟುಹಾಕಿದರು. ಗೆಳೆಯರ ಪತ್ರಗಳು, ಜವಾಹರಲಾಲ್ ನೆಹರೂ ಬರೆದವು, ಎಲ್ಲ ಬೂದಿಯಾದವು. ಮಗಳ ಮರ್ಯಾದೆ ಕಾಪಾಡುವುದು ಅವರ ಉದ್ದೇಶ. ಸುದ್ದಿ ತಿಳಿದ ಅಮೃತಾ ತುಂಬ ನೊಂದು ಅಪ್ಪನಿಗೆ ಬರೆದಳು.

ಗಾಸಿಪ್ ಪ್ರಿಯರಿಗೆ ಈ ಪ್ರಸಂಗದಲ್ಲಿ ನೆಹರೂ ಮಾತ್ರ ಕಾಣ್ತಾರೆ. ನನಗೆ ಕಾಣೋದು ಬೇರೆ. ಪ್ಯಾರಿಸ್‌ಗೆ ಕರೆದುಕೊಂಡು ಹೋಗಿ ಓದಿಸಿದ, ಸಂಸ್ಕೃತ ಬಲ್ಲ, ಕ್ಯಾಮೆರಾ ಹಿಡಿದ ಅಪ್ಪ ಕೂಡ ಮಗಳ ಪೆಟ್ಟಿಗೆ ತೆರೆದು, ಏನು ಉಳಿಯಬೇಕು ಏನು ಸುಡಬೇಕು ಅಂತ ತಾವೇ ತೀರ್ಮಾನ ಮಾಡಿದರು. ಇವತ್ತು ಮಗಳ ಮೊಬೈಲ್ ಕಿತ್ತುಕೊಂಡು ಚೆಕ್ ಮಾಡುವ ಮನೆಗಳಿಗೂ ಆ ಬಂಗಲೆಗೂ ಇದ್ದದ್ದು ದುಡ್ಡಿನ ವ್ಯತ್ಯಾಸ ಅಷ್ಟೇ. ಹಣ, ಓದು, ಪಾಸ್‌ಪೋರ್ಟ್ ಎಲ್ಲ ಇದ್ದವಳಿಗೂ ಮನೆಯ ಒಳಕೋಣೆ ಅಂದರೆ ಏನು ಅಂತ ಆವತ್ತು ಗೊತ್ತಾಗಿರಬೇಕು. ಆಮೇಲಿನ ಚಿತ್ರಗಳಲ್ಲಿ ಆಕೆ ಮತ್ತೆ ಮತ್ತೆ ಹೋದದ್ದು ಹೆಂಗಸರ ಒಳಕೋಣೆಗೆ, ಹಿತ್ತಲಿಗೆ.

ಸರಾಯಾದ ಮಧ್ಯಾಹ್ನಗಳು

1939ರಲ್ಲಿ ಗಂಡಹೆಂಡತಿ ಭಾರತಕ್ಕೆ ಬಂದರು. ಗೋರಖ್‌ಪುರದ ಹತ್ತಿರ ಸರಾಯಾ ಅನ್ನೋ ಕಡೆ ಮಜೀಠಿಯಾ ಮನೆತನದ ಸಕ್ಕರೆ ಕಾರ್ಖಾನೆ ಇತ್ತು. ವಿಕ್ಟರ್ ಅಲ್ಲಿ ಡಾಕ್ಟರಾದರು. ಅಮೃತಾ ಆ ಜಮೀನ್ದಾರಿ ಮನೆಯ ನೆಂಟಳು. ಕಬ್ಬಿನ ಗದ್ದೆ, ಧೂಳು, ಮಾತಿಗೆ ಸರಿಜೋಡಿ ಇಲ್ಲದ ಊರು. ಪ್ಯಾರಿಸ್ ಕಂಡವಳಿಗೆ ಬೇಸರ ಮಡುಗಟ್ಟಿತು. ಆದರೆ ಆಕೆಯ ಅತ್ಯುತ್ತಮ ಚಿತ್ರಗಳಲ್ಲಿ ಹಲವು ಈ ಬೇಸರದ ಊರಲ್ಲೇ ಹುಟ್ಟಿದವು. ಹಂಗೇರಿಗೆ ಹೋಗುವ ಮುಂಚೆಯೂ ಆಕೆ ಇಲ್ಲಿಗೆ ಬಂದು ಬರೆದಿದ್ದಳು. 1938ರ ‘ಇನ್ ದ ಲೇಡೀಸ್ ಎನ್‌ಕ್ಲೋಷರ್’ ಇಲ್ಲಿಯದು. 2021ರಲ್ಲಿ ಅದು 37.8 ಕೋಟಿಗೆ ಹೋಯಿತು. ಬಯಲಲ್ಲಿ ಹೆಂಗಸರು ಕೂತಿದ್ದಾರೆ, ಒಬ್ಬ ಹುಡುಗಿಯ ತಲೆ ಬಾಚುತ್ತಿದ್ದಾರೆ, ಮುಂದೆ ದಾಸವಾಳದ ಗಿಡ, ಒಂದು ನಾಯಿ. 1940ರಲ್ಲಿ ‘ವುಮನ್ ರೆಸ್ಟಿಂಗ್ ಆನ್ ಚಾರ್‌ಪಾಯ್’, ‘ದ ಸ್ವಿಂಗ್’, ‘ದ ಬ್ರೈಡ್’, ‘ಹಲ್ದಿ ಗ್ರೈಂಡರ್ಸ್’.

ಈ ಚಿತ್ರಗಳ ಮುಂದೆ ನನಗೆ ನಮ್ಮೂರು ನೆನಪಾಗೋದು ಸಹಜ. ನಮ್ಮದು ಕನಕಪುರ ತಾಲ್ಲೂಕಿನ ಕೋಡಿಹಳ್ಳಿ. ರಾಮನಗರ ಜಿಲ್ಲೆ, ಈಗ ಹೆಸರು ಬದಲಾಗಿ ಬೆಂಗಳೂರು ದಕ್ಷಿಣ. ರಾಗಿ, ರೇಷ್ಮೆ, ಕಲ್ಲುಬಂಡೆ, ಕಾವೇರಿ ವನ್ಯಧಾಮದ ಕಡೆಯಿಂದ ಇಳಿಯುವ ಆನೆ. ಆನೆಯನ್ನು ಅಮೃತಾಳಷ್ಟು ನಿರಾಳವಾಗಿ ನೋಡುವ ಯೋಗ ನಮಗಿಲ್ಲ, ಬೆಳೆದು ನಿಂತ ರಾಗಿ ಹೊಲಕ್ಕೆ ನುಗ್ಗಿದಾಗ ನೋಡಿ ಗೊತ್ತು. ಆದರೆ ಆಕೆಯ ಹೆಂಗಸರು ಗೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ರೇಷ್ಮೆಹುಳು ಒಂದು ವಾರ ಹಗಲುರಾತ್ರಿ ಎನ್ನದೆ ತಿನ್ನುತ್ತೆ. ಸೊಪ್ಪು ಕುಯ್ಯೋದು, ಹೊರೆ ಹೊರೋದು, ಹಾಕೋದು, ಕಸ ತೆಗೆಯೋದು ಬಹುಪಾಲು ಹೆಂಗಸರ ಕೆಲಸ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮೇಲೆ ಮನೆ ಒಮ್ಮೆಗೇ ನಿಶ್ಶಬ್ದ ಆಗುತ್ತೆ. ಆಗ ಅವರು ಜಗಲಿಗೆ ಬೆನ್ನು ಆನಿಸಿ ಕೂರ್ತಾರೆ. ಒಬ್ಬಳು ಇನ್ನೊಬ್ಬಳ ತಲೆ ಬಾಚುತ್ತಾಳೆ, ಒಬ್ಬಳು ಎಲೆಅಡಿಕೆ ಮಡಿಚುತ್ತಾಳೆ, ಒಬ್ಬಳು ಏನೂ ಮಾಡಲ್ಲ. ಗೂಡು ರಾಮನಗರದ ಮಾರುಕಟ್ಟೆಗೆ ಹೋದಾಗ ದುಡ್ಡು ಎಣಿಸಿಕೊಳ್ಳೋದು ಹೆಚ್ಚಾಗಿ ಗಂಡಸರು. ಆ ಜಗಲಿಯ ಗಳಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಹೆಂಗಸರು ಸುಮ್ಮನೆ ಕೂತಿದ್ದಾರೆ ಅಂತಾರೆ.

ಅಮೃತಾ ಲೆಕ್ಕಕ್ಕೆ ಹಿಡಿದದ್ದು ಆ ಗಳಿಗೆಯನ್ನೇ. ‘ಚಾರ್‌ಪಾಯ್’ ಚಿತ್ರದಲ್ಲಿ ಕೆಂಪು ಬಟ್ಟೆಯ ಹೆಂಗಸು ಹಗ್ಗದ ಮಂಚದ ಮೇಲೆ ಮೈಚಾಚಿದ್ದಾಳೆ, ಪಕ್ಕದಲ್ಲೊಬ್ಬಳು ಬೀಸಣಿಗೆ ಹಿಡಿದಿದ್ದಾಳೆ. ಮಲಗಿದವಳ ಬಿಡುವಿಗೂ ಬೀಸುವವಳ ದುಡಿಮೆಗೂ ನಡುವೆ ಇರೋ ದೂರವನ್ನೂ ಆಕೆ ಬಿಡಲಿಲ್ಲ. ಮಲಗಿದವಳ ಮೈಯಲ್ಲಿ ಆಸೆಯೂ ಇದೆ, ಬೇಸರವೂ ಇದೆ, ಎದ್ದು ಎಲ್ಲಿಗೂ ಹೋಗುವ ಹಾಗಿಲ್ಲ ಅನ್ನೋದೂ ಇದೆ. ಭಾವ ಮುಖದ ಮೇಲಿಲ್ಲ. ಮಡಿಚಿದ ಮೊಣಕಾಲಲ್ಲಿದೆ, ಸಡಿಲಬಿಟ್ಟ ಕೈಯಲ್ಲಿದೆ, ಆ ಕೆಂಪಿನಲ್ಲಿದೆ. 1935ರ ಬೆಟ್ಟದ ಹೆಂಗಸರ ಹಾಗೆ ಇವಳು ದುಃಖದ ವಿಗ್ರಹವಲ್ಲ, ಒಬ್ಬ ಹೆಂಗಸು. ಐದು ವರ್ಷದಲ್ಲಿ ಅಮೃತಾ ನಡೆದ ದಾರಿ ಅಂದರೆ ಇದು.

‘ಹಲ್ದಿ ಗ್ರೈಂಡರ್ಸ್’ನಲ್ಲಿ ಮರದ ನೆರಳಲ್ಲಿ ಹೆಂಗಸರು ಅರಿಶಿನ ಅರೆಯುತ್ತಿದ್ದಾರೆ. ನಮ್ಮ ಕಡೆ ರಾಗಿ ಬೀಸುವ ಹೆಂಗಸರು ಕಲ್ಲಿನ ಮುಂದೆ ಪದ ಕಟ್ಟಿ ಹಾಡಿದರು. ತವರು, ಅತ್ತೆಮನೆ, ಹೆತ್ತ ಮಗು, ಸತ್ತ ಮಗು ಎಲ್ಲ ಆ ಬೀಸುವ ಪದಗಳಲ್ಲಿ ಬಂತು. ಅವರಿಗೆ ಹಾಡಿತ್ತು, ಬಣ್ಣ ಇರಲಿಲ್ಲ. ಕಟ್ಟಿದವಳ ಹೆಸರೂ ಉಳಿಯಲಿಲ್ಲ. ಅಮೃತಾಗೆ ಬಣ್ಣವೂ ಇತ್ತು, ಹೆಸರೂ ಉಳಿಯಿತು, ಏಕೆಂದರೆ ಆಕೆ ಕಲ್ಲಿನ ಈಚೆ ಕಡೆ ನಿಂತಿದ್ದಳು. ಇದನ್ನು ಆಕೆಯ ತಪ್ಪು ಅಂತ ನಾನು ಹೇಳಲ್ಲ. ಆದರೆ ಆಕೆಯನ್ನು ಹೊಗಳುವಾಗ ಅರಿಶಿನ ಅರೆದವರಿಗೂ ಒಂದು ಮನಸ್ಸು, ಒಂದು ಮಾತು ಇತ್ತು ಅನ್ನೋದು ನಮಗೆ ನೆನಪಿರಬೇಕು.

ಲಾಹೋರಿನ ಮೂರು ತಿಂಗಳು

1941ರ ಸೆಪ್ಟೆಂಬರ್‌ನಲ್ಲಿ ದಂಪತಿ ಲಾಹೋರಿಗೆ ಬಂದರು. ಅದು ಆಗ ಕವಿಗಳ, ಪತ್ರಕರ್ತರ, ರೇಡಿಯೊದವರ ಊರು. ಗಂಗಾರಾಮ್ ಮ್ಯಾನ್ಷನ್ಸ್‌ನಲ್ಲಿ ಮನೆ ಮಾಡಿದರು. ಡಿಸೆಂಬರ್‌ನಲ್ಲಿ ದೊಡ್ಡ ಪ್ರದರ್ಶನ ಅಂತ ನಿಗದಿಯಾಯಿತು. ಅಷ್ಟರಲ್ಲಿ ಒಮ್ಮೆಗೇ ಕಾಯಿಲೆ ಬಿದ್ದಳು. ಡಿಸೆಂಬರ್ 5ರ ರಾತ್ರಿ ತೀರಿಕೊಂಡಳು. 29 ತುಂಬಲು ಇನ್ನೂ ಎರಡು ತಿಂಗಳಿತ್ತು. ಅದೇ ಹೊತ್ತಿಗೆ ಬ್ರಿಟನ್ ಹಂಗೇರಿಯ ಮೇಲೆ ಯುದ್ಧ ಸಾರಿತು, ಹಂಗೇರಿಯವರಾದ ವಿಕ್ಟರ್ ಶತ್ರುದೇಶದ ಪ್ರಜೆ ಅಂತ ಬಂಧನಕ್ಕೊಳಗಾದರು. ಪ್ರದರ್ಶನ ಆಕೆ ಇಲ್ಲದೆಯೇ ನಡೆಯಿತು. ತಾಯಿ ಮೇರಿ ಆಂಟೊನೆಟ್ ಆ ದುಃಖದಿಂದ ಹೊರಗೆ ಬರಲೇ ಇಲ್ಲ, 1948ರಲ್ಲಿ ತಮ್ಮ ಜೀವ ತಾವೇ ತೆಗೆದುಕೊಂಡರು.

ಲಾಹೋರಿನಲ್ಲಿ ಬರೆಯುತ್ತಿದ್ದ ಕೊನೆಯ ಚಿತ್ರ ಮುಗಿಯಲಿಲ್ಲ. ಮಹಡಿಯ ಮೇಲಿಂದ ಕಾಣುವ ಹಾಲಿನವರ ಮನೆಗಳು, ಗೋಡೆ, ಕಪ್ಪು ಎಮ್ಮೆಗಳು. ಬಣ್ಣದ ಹಲಗೆಗಳನ್ನು ಜೋಡಿಸಿದ ಹಾಗೆ ಇದೆ. ಆಕೆ ಮತ್ತೆ ಹೊಸದೇನೋ ಹುಡುಕುತ್ತಿದ್ದಳು ಅನ್ನೋದು ಅದನ್ನು ನೋಡಿದರೆ ಗೊತ್ತಾಗುತ್ತೆ.

ಬದುಕಿದ್ದಾಗ ಆಕೆಯ ಚಿತ್ರಗಳು ಮಾರಾಟವಾದದ್ದು ಕಮ್ಮಿ. ಒಂದು ರೀತಿಯಲ್ಲಿ ಅದು ನಮ್ಮ ಪುಣ್ಯ. ಉಳಿದವು ಮನೆಯವರ ಕೈಯಲ್ಲೇ ಇದ್ದು, ಅವುಗಳ ದೊಡ್ಡ ಪಾಲು ದೇಶಕ್ಕೆ ಬಂತು. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವು ಇವೆ. 1976ರಲ್ಲಿ ಸರ್ಕಾರ ಆಕೆಯ ಕೃತಿಗಳನ್ನು ರಾಷ್ಟ್ರೀಯ ಕಲಾನಿಧಿ ಅಂತ ಘೋಷಿಸಿತು, ದೇಶದಾಚೆ ಮಾರುವ ಹಾಗಿಲ್ಲ. ತಂಗಿ ಇಂದಿರಾಳ ಮಗ, ಕಲಾವಿದ ವಿವಾನ್ ಸುಂದರಂ, ಅಜ್ಜನ ಫೋಟೊಗಳನ್ನೂ ದೊಡ್ಡಮ್ಮನ ಚಿತ್ರಗಳನ್ನೂ ಸೇರಿಸಿ ಹೊಸ ಕೃತಿಗಳನ್ನೇ ಮಾಡಿದರು.

ಅಂದರೆ ಹರಾಜಿಗೆ ಬರುವ ಬೆರಳೆಣಿಕೆಯ ಚಿತ್ರಗಳನ್ನು ಬಿಟ್ಟರೆ ಅಮೃತಾ ಇವತ್ತು ಸರ್ಕಾರದ ಆಸ್ತಿ, ಅಂದರೆ ನಮ್ಮೆಲ್ಲರ ಆಸ್ತಿ. ಆ ಆಸ್ತಿ ಹಳ್ಳಿಯ ಒಂದು ಪ್ರೌಢಶಾಲೆಯ ಗೋಡೆಗೆ ಯಾಕೆ ಬರಬಾರದು? ಮೂಲಚಿತ್ರ ಕೇಳ್ತಿಲ್ಲ. ಒಳ್ಳೆಯ ಅಚ್ಚಿನ, ಬಣ್ಣ ಕೆಡದ ಪ್ರತಿಗಳು ಸಾಕು. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ಅದೇ ಗ್ಯಾಲರಿಯ ಶಾಖೆ 2009ರಿಂದ ಇದೆ. ಶಿಕ್ಷಣ ಇಲಾಖೆಯೂ ಅವರೂ ಕೂತು ಮಾತಾಡಿದರೆ ಆಗದ ಕೆಲಸವೇನಲ್ಲ. ಕೋಡಿಹಳ್ಳಿಯಂಥ ಊರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ‘ಹಲ್ದಿ ಗ್ರೈಂಡರ್ಸ್’ ನೋಡಲಿ. ಅದರಲ್ಲಿರುವ ಹೆಂಗಸು ತನ್ನ ಅಜ್ಜಿಯ ಹಾಗಿದ್ದಾಳೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತನ್ನ ಮನೆಯ ಜಗಲಿಯೂ ಬರೆಯಲು ಯೋಗ್ಯ ಅಂತ ಅವಳಿಗೆ ಅನ್ನಿಸಿದರೆ, ಮುಂದಿನ ಚಿತ್ರ ಕಲ್ಲಿನ ಆಚೆ ಕಡೆಯಿಂದ, ಅರೆಯುವವರ ಮನೆಯಿಂದಲೇ ಬರಬಹುದು.